ರಾತ್ರಿ ಪಾಳಿಯ ತಮ್ಮನಿಗೆ

ತಮ್ಮಾ,

ವಿಜಯಪುರ, ಬೆಳಗಾವಿ ಕಡೆಯಿಂದ ಮಹಾರಾಷ್ಟ್ರದ ಇಚಲಕರಂಜಿಗೆ ದುಡಿಯಲು ಬಂದ ನಿನ್ನಂಥ ಹುಡುಗರಿಗೆಲ್ಲ ಈ ಪತ್ರ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅಂದಿನಿಂದ ಈ ಊರು ಉಣ್ಣುವುದು ಮಗ್ಗದ ಅನ್ನವನ್ನೇ.

ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಪಾಳಿಗೆ 12 ತಾಸು, ನೇಯ್ದಷ್ಟಕ್ಕೇ ಕೂಲಿ. ನಡುರಾತ್ರಿ ಕಣ್ಣು ಎಳೆದು, ಹರಿದ ಎಳೆ ಕಾಣದೆ ಹೋದರೆ ಬಟ್ಟೆ ಕೆಡುತ್ತದೆ, ಪಗಾರ ಕಡಿಮೆಯಾಗುತ್ತದೆ. ನಿದ್ದೆ ತಡೆಯಲೆಂದು ಕಿಸೆಯಲ್ಲಿ ಅಡಿಕೆ, ತಂಬಾಕು ಬೆರೆಸಿದ ಮಾವಾ ಪುಡಿಕೆ ಬಂದು ಕೂತದ್ದು ಹಾಗೆ. ನಿನ್ನನ್ನು ಚಟಗಾರ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ತಾಸು ಸಾಕೆಂದಿತು. ಆರು ದಿನದಲ್ಲಿ ನೀನು ದುಡಿಯುವುದು 72. ತಪ್ಪು ಮೊದಲು ಅಲ್ಲಿದೆ.

ಆದರೂ ಒಂದು ಮಾತು ಕೇಳು. ತಂಬಾಕಿನ ನಿಕೋಟಿನ್ ನಿದ್ದೆ ಓಡಿಸುತ್ತದೆ, ನಿಜ. ಬೆಳಗಿನ ಜಾವ ಬಾಯಿಗೆ ಹಾಕಿದ್ದು ನೀನು ಮನೆಗೆ ಬಂದು ಮಲಗಿದ ಮೇಲೂ ಮೈಯಲ್ಲೇ ಇರುತ್ತದೆ. ಮೊದಲೇ ಹಗಲು ನಿದ್ದೆ ತೆಳು, ಬೀದಿಯ ಗದ್ದಲ ಬೇರೆ. ಅರೆನಿದ್ದೆಯಲ್ಲಿ ಎದ್ದವನಿಗೆ ಆ ರಾತ್ರಿ ಇನ್ನೊಂದು ಪುಡಿಕೆ ಹೆಚ್ಚು ಬೇಕು. ನಿದ್ದೆ ಬರಲೆಂದು ಪಗಾರದ ದಿನ ಕುಡಿಯುವವರೂ ಇದ್ದಾರೆ. ಸೆರೆ ಬೇಗ ಮಲಗಿಸುತ್ತದೆ, ಬೇಗ ಎಬ್ಬಿಸಿಯೂ ಬಿಡುತ್ತದೆ.

ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿತು. ಮಾವಾ ಮಾತ್ರ ಕೈಯಲ್ಲೇ ತಿಕ್ಕಿ ತಯಾರಾಗಿ ಇನ್ನೂ ಸಿಗುತ್ತದೆ. ಅದರೊಳಗಿನ ತಂಬಾಕಷ್ಟೇ ಅಲ್ಲ, ಅಡಿಕೆಯೂ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅದೇ ವಿಭಾಗ ರಾತ್ರಿ ಪಾಳಿಯನ್ನೂ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು 2007ರಲ್ಲಿ ಪಟ್ಟಿಗೆ ಸೇರಿಸಿ, 2019ರಲ್ಲಿ ಮತ್ತೆ ದೃಢಪಡಿಸಿತು. ಎರಡೂ ನಿನ್ನೊಬ್ಬನ ಮೈಮೇಲೆ ಬೀಳುವುದು ನನಗೆ ಸಹಿಸಲಾಗದು.

ಪೂರಾ ಬಿಡುವುದೇ ಗುರಿ, ಆದರೆ ಪಾಳಿ ಬಿಡುವ ಮುಂಚಿನ ಮಾವಾವನ್ನು ಮೊದಲು ನಿಲ್ಲಿಸು. ಕೊನೆಯ ತಾಸುಗಳಲ್ಲಿ ಚಹಾವೂ ಬೇಡ. ಪಾಳಿಗೆ ಹೊರಡುವ ಮುಂಚೆ ಹೊಟ್ಟೆತುಂಬ ರೊಟ್ಟಿ ಪಲ್ಯ ತಿನ್ನು, ನಡುರಾತ್ರಿಗೆ ಒಂದು ಹಿಡಿ ಶೇಂಗಾ ಇಟ್ಟುಕೋ. ಖೋಲಿಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗು. ಮನೆಯಲ್ಲಿ ಹೆಂಗಸರು ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದರೆ ಅದೂ ಸುಟ್ಟ ತಂಬಾಕೇ ಎಂದು ತಿಳಿಸು.

ಕನ್ನಡಿ ಮುಂದೆ ನಿಂತು ಬಾಯಿ ತೆರೆ. ಮೂರು ಬೆರಳು ನಿಲ್ಲಿಸಿ ಇಡಲು ಆಗದಿದ್ದರೆ, ಒಳಗೆ ಬಿಳಿ ಅಥವಾ ಕೆಂಪು ಕಲೆ ಕಂಡರೆ, ಖಾರ ತಾಗಿ ಉರಿದರೆ, ತಡಮಾಡದೆ ದವಾಖಾನೆಗೆ ಹೋಗು. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356, ದುಡ್ಡು ಬೀಳುವುದಿಲ್ಲ. ರಜೆಯ ದಿನ ನನ್ನ ಹತ್ತಿರ ಬಾ, ಕೂತು ಇಬ್ಬರೂ ಫೋನು ಹಚ್ಚೋಣ.

ನಿನ್ನ ಕಾಕಾ