ಯುವನಿಧಿ ದುಡ್ಡು ನಿಂತಿದ್ದರೆ

ಓದು ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿರುವ ತಮ್ಮ ತಂಗಿಯರೇ, ಕರ್ನಾಟಕ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ ಯುವನಿಧಿಯ ಹಣ ಖಾತೆಗೆ ಬೀಳಲಿಲ್ಲವೆಂದು ಕೈಚೆಲ್ಲಿ ಕೂರಬೇಡಿ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಆದವರಿಗೆ 1500 ರೂಪಾಯಿ, ಹೆಚ್ಚೆಂದರೆ 2 ವರ್ಷ. ಅರ್ಹತೆ ಇದ್ದ ಮೇಲೆ ಅದು ನಿಮಗೆ ಸಲ್ಲಬೇಕಾದದ್ದು, ಕೇಳಲು ಸಂಕೋಚವೇಕೆ?

ಮೊದಲು ಬ್ಯಾಂಕಿನ ಕಡೆ ನೋಡಿ. ಬಹಳ ಮಂದಿ ಎಡವುವುದು ಇಲ್ಲೇ. ಈ ಹಣ ಆಧಾರ್ ಸಂಖ್ಯೆಯ ಜಾಡು ಹಿಡಿದು ಬರುತ್ತದೆ. ಕೆವೈಸಿಗೆಂದು ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು, ಹಣ ಬರಲು ಖಾತೆಯನ್ನು ಆಧಾರ್‌ಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆಯೇ ಆಗಬೇಕು. ಬ್ಯಾಂಕಿನಲ್ಲಿ ಹಾಗೆಂದೇ ಬಿಡಿಸಿ ಕೇಳಿ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಮ್ಯಾಪ್ ಆದ ಒಂದಕ್ಕೆ ಮಾತ್ರ ಹಣ ಹೋಗುತ್ತದೆ. ಹಿಂದೆ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲೇ ಅದು ಬಿದ್ದಿರಲೂಬಹುದು. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ನೀವೇ ನೋಡಿಕೊಳ್ಳಬಹುದು.

ಇನ್ನೊಂದು, ಸ್ವಯಂ ಘೋಷಣೆ. ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಸೇವಾ ಸಿಂಧು ಜಾಲತಾಣದಲ್ಲಿ ಗಡುವಿನೊಳಗೆ ತಿಳಿಸದಿದ್ದರೆ ಹಣ ನಿಲ್ಲುತ್ತದೆ. ಕೆಲಸ ಸಿಕ್ಕಿದ್ದರೆ ದಯವಿಟ್ಟು ಅದನ್ನೂ ಹೇಳಿಬಿಡಿ.

ಎಲ್ಲ ಸರಿಯಿದ್ದೂ ಬಾರದಿದ್ದರೆ ಅರ್ಜಿ ಸಂಖ್ಯೆ, ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಯಾವ ತಿಂಗಳಿಂದ ಬಾಕಿ ಎಂದು ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮತ್ತೆ ವಿಚಾರಿಸಲು ಹೋದಾಗ ಆ ಪ್ರತಿಯನ್ನೇ ತೋರಿಸಿ.