ಮನೆ ನಾಯಿಯ ಕೂದಲು ಉದುರುತ್ತಿದೆಯೇ? ಊಟ ಗಮನಿಸಿ

ಹಾಲು ಉತ್ಪಾದಕ ಸಹೋದರಿಯರೇ,

ಹಸುವಿನ ಮೈ ಹೊಳಪು ಕಳೆದುಕೊಂಡರೆ ಮೇವು, ಹಿಂಡಿ ಸಾಲುತ್ತಿದೆಯೇ ಎಂದು ಮೊದಲು ನೋಡುತ್ತೀರಿ. ಕೊಟ್ಟಿಗೆ ಕಾಯುವ ನಾಯಿಗೂ ಇದೇ ಲೆಕ್ಕ.

ಕೂದಲು ಬಹುಪಾಲು ಪ್ರೋಟೀನಿನಿಂದ ಆದದ್ದು. ದಿನವೂ ಮುದ್ದೆ, ಅನ್ನ, ಮಜ್ಜಿಗೆ ಮಾತ್ರ ಹಾಕಿದರೆ ಹೊಟ್ಟೆ ತುಂಬುತ್ತದೆ. ಆದರೆ ಪ್ರೋಟೀನು, ಕೊಬ್ಬು, ಜಿಂಕ್ ಸಾಲುವುದಿಲ್ಲ. ಆಗ ಕೂದಲು ಒರಟಾಗಿ ಉದುರುತ್ತದೆ, ಚರ್ಮ ಒಣಗಿ ಹೊಟ್ಟೇಳುತ್ತದೆ.

ಏನು ಕೊಡಬೇಕು?
• ಮುದ್ದೆ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಇಲ್ಲವೇ ಮುಳ್ಳು ತೆಗೆದ ಮೀನು. ಹಸಿ ಮೊಟ್ಟೆಯ ಬಿಳಿಭಾಗ ಚರ್ಮಕ್ಕೆ ಬೇಕಾದ ಬಯೋಟಿನ್ ಸಿಗದಂತೆ ಮಾಡುತ್ತದೆ, ಬೇಯಿಸಿಯೇ ಕೊಡಿ.
• ಮಾಂಸ ಮಾಡದ ಮನೆಯಲ್ಲಿ ಚೆನ್ನಾಗಿ ಬೆಂದ ಬೇಳೆ, ಗಟ್ಟಿ ಮೊಸರು.
• ಮಧ್ಯಮ ಗಾತ್ರದ ನಾಯಿಗೆ ದಿನಕ್ಕೆ 1 ಸಣ್ಣ ಚಮಚ ಸೂರ್ಯಕಾಂತಿ ಎಣ್ಣೆ.

ಏನು ಬೇಡ?
• ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು. ಇವು ನಾಯಿಯ ರಕ್ತಕಣ ನಾಶ ಮಾಡುತ್ತವೆ.
• ಹಸುವಿಗೆ ತಂದ ಖನಿಜ ಮಿಶ್ರಣ. ಕ್ಯಾಲ್ಸಿಯಂ ಅತಿಯಾದರೆ ಜಿಂಕ್ ಮೈಗೆ ಹತ್ತುವುದಿಲ್ಲ.
• ಮೈಗೆ ಹಳೆ ಇಂಜಿನ್ ಆಯಿಲ್ ಹಚ್ಚುವುದು. ನೆಕ್ಕಿದರೆ ವಿಷ.

ಕೊರತೆ ಊಟದ್ದೇ ಆಗಿದ್ದರೆ 6ರಿಂದ 8 ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ನಾಯಿ ಸದಾ ಕೆರೆದುಕೊಳ್ಳುತ್ತಿದ್ದರೆ, ದುಂಡಗೆ ಕೂದಲು ಉದುರಿದ್ದರೆ, ಹುಣ್ಣಾಗಿದ್ದರೆ ಕಾಯಬೇಡಿ. ಅದು ಕಜ್ಜಿ ಅಥವಾ ಹುಳುಕಡ್ಡಿ ಇರಬಹುದು. ಮಕ್ಕಳಿಗೂ ಅಂಟುತ್ತದೆ, ಹುಳುಕಡ್ಡಿ ಕರುಗಳಿಗೂ ಹರಡಬಹುದು. ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಕರೆತನ್ನಿ.

– ಪಶುವೈದ್ಯಾಧಿಕಾರಿ