ಗಾಳಿಗಿಂತ ಮೊದಲು ಜನರನ್ನು ನೋಡು

ತಂಗೀ, ಮುಂದಿನ ಪಯಣದಲ್ಲಿ ಹಾಯಿದೋಣಿಗೆ ನೀನೇ ಸ್ಕಿಪ್ಪರ್ ಅಂತ ಕೇಳಿ ತುಂಬ ಸಂತೋಷವಾಯಿತು. ಗಾಳಿ, ನಕಾಶೆ, ಭರತ-ಇಳಿತ ಎಲ್ಲ ನಿನಗೆ ಗೊತ್ತು. ನಾನು ಹೇಳುವುದು ದೋಣಿಯೊಳಗಿನ ಜನರ ವಿಚಾರ.

1916ರಲ್ಲಿ ಧ್ರುವಯಾತ್ರಿ ಶ್ಯಾಕಲ್ಟನ್ ಮತ್ತು ಐವರು ಸಂಗಡಿಗರು ನೆರವು ತರಲು ಅಂಟಾರ್ಕ್ಟಿಕದ ಎಲಿಫೆಂಟ್ ದ್ವೀಪದಿಂದ ದಕ್ಷಿಣ ಜಾರ್ಜಿಯಾಕ್ಕೆ ಹೊರಟರು. ಸುಮಾರು ಏಳು ಮೀಟರ್ ಉದ್ದದ ‘ಜೇಮ್ಸ್ ಕೇರ್ಡ್’ ದೋಣಿ, ಸುಮಾರು 800 ನಾಟಿಕಲ್ ಮೈಲಿ ದೂರ. ಮೋಡದ ಮರೆಯಲ್ಲಿ ಸೂರ್ಯ ಅಪರೂಪಕ್ಕೆ ಇಣುಕಿದಾಗಷ್ಟೇ ನೋಡಿ ದಾರಿಯ ಲೆಕ್ಕ ಹಾಕಿದವನು ಫ್ರಾಂಕ್ ವರ್ಸ್ಲಿ. ಅವನ ಜಾಣತನ ದೊಡ್ಡದೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಶ್ಯಾಕಲ್ಟನ್ನನ ನಡತೆ. ಒಬ್ಬ ಚಳಿಗೆ ಸೋಲುತ್ತಿದ್ದಾನೆ ಅಂತ ಕಂಡರೆ, ಅವನೊಬ್ಬನಿಗೇ ಅಲ್ಲ, ಎಲ್ಲರಿಗೂ ಬಿಸಿ ಹಾಲು ಕಾಯಿಸಲು ಹೇಳುತ್ತಿದ್ದ. ಸೋತವನಿಗೆ ತಾನು ಸೋತೆ ಅನ್ನಿಸಬಾರದಲ್ಲ! ಆರೂ ಜನ ದಡ ಸೇರಿದರು. ದ್ವೀಪದಲ್ಲಿ ಬಿಟ್ಟುಬಂದಿದ್ದ 22 ಮಂದಿಯನ್ನೂ ಕೆಲವು ತಿಂಗಳ ಮೇಲೆ ಜೀವಂತ ಕರೆತಂದರು.

ನೀನೂ ಹಾಗೆ ನೋಡುವುದನ್ನು ಕಲಿ. ಮಾತಾಡುತ್ತಿದ್ದವ ಸುಮ್ಮನಾದನೇ, ಊಟ ಬೇಡ ಅಂದನೇ, ಗಂಟು ಹಾಕುವ ಬೆರಳು ತಡವರಿಸಿತೇ? ಸಮುದ್ರಬೇನೆ ಶುರುವಾದವನ ಕೈಗೆ ಚುಕ್ಕಾಣಿ ಕೊಡು. ಕಣ್ಣು ದಿಗಂತದ ಮೇಲಿದ್ದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಕೂಗಾಡಬೇಡ. ಕೂಗುವವರ ಮುಂದೆ ಯಾರೂ ‘ನನಗೆ ಗೊತ್ತಾಗಲಿಲ್ಲ’ ಅನ್ನುವುದಿಲ್ಲ, ಸಮುದ್ರದಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಹಾಯಿ ಕುಗ್ಗಿಸುವುದೂ ಜನರ ಸಲುವಾಗಿಯೇ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಕುಗ್ಗಿಸಬೇಕೇನೋ ಅಂತ ಅನುಮಾನ ಬಂದ ಕೂಡಲೇ ಕುಗ್ಗಿಸಿಬಿಡು. ತಡಮಾಡಿದರೆ ಕುಣಿಯುವ ಡೆಕ್ಕಿನ ಮೇಲೆ, ಕತ್ತಲಲ್ಲಿ, ಯಾರನ್ನೋ ಕೂವೆಮರದ ಬುಡಕ್ಕೆ ಕಳಿಸಬೇಕಾಗುತ್ತದೆ.

1979ರ ಆಗಸ್ಟ್‌ನಲ್ಲಿ ನಡೆದ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯ ನೆನಪಿಟ್ಟುಕೋ. ಇಂಗ್ಲೆಂಡಿನಿಂದ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿ, ಸ್ಪರ್ಧಿಗಳಲ್ಲಿ 15 ಮಂದಿ ತೀರಿಹೋದರು. ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದೇ. ಉಳಿದವು ಆಮೇಲೆ ತೇಲುತ್ತಾ ಸಿಕ್ಕವು. ಅಂಥ ರಾತ್ರಿಯಲ್ಲಿ ದಣಿದು ನಡುಗುತ್ತಿದ್ದವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ದೋಣಿ ನಿಜಕ್ಕೂ ಮುಳುಗುತ್ತಿದ್ದರೆ ಮಾತ್ರ ಲೈಫ್‌ರಾಫ್ಟಿಗೆ ಇಳಿಯುವುದು ಅಂತ, ದಡದಲ್ಲಿರುವಾಗಲೇ, ತಲೆ ತಣ್ಣಗಿರುವಾಗಲೇ ಎಲ್ಲರಿಗೂ ತಿಳಿಸಿರು. ನೀನೂ ಸರದಿ ಪ್ರಕಾರ ಮಲಗು. ನಿದ್ದೆಗೆಟ್ಟ ಸ್ಕಿಪ್ಪರಿನಿಂದ ಯಾರಿಗೂ ಉಪಕಾರವಿಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ನೀರಿಗೆ ಬೀಳುವವಳು ನೀನೇ ಆಗಿರಬಹುದು. ಹೊರಡುವ ಮುನ್ನ ಬಂದರಿನ ಹೊರಗೆ, ನಿನ್ನ ಬದಲಿಗೆ ಅಂತ, ದೋಣಿಯ ಪಕ್ಕಕ್ಕೆ ಕಟ್ಟುವ ಒಂದು ಫೆಂಡರ್ ನೀರಿಗೆಸೆದು, ನೀನು ಬಾಯಿ ಬಿಡದೆ ಕೂತುಕೋ. ಒಬ್ಬರು ಬೆರಳು ಮಾಡಿ ತೋರಿಸುತ್ತಲೇ ಇರಲಿ, ಉಳಿದವರು ದೋಣಿ ತಿರುಗಿಸಿ ಅದನ್ನು ಎತ್ತಿಕೊಳ್ಳಲಿ. ಆಗದಿದ್ದರೆ ಆ ದಿನ ಹೊರಡಬೇಡ, ಸಂಜೆಯವರೆಗೂ ಅದನ್ನೇ ಮಾಡಿಸು.